ತಲೆಗೊಂದು ಕೊಡ

ಡಾಕ್ಟರಿಕೆ ಓದಿದವರು ಡಾಕ್ಟರಾಗುತ್ತಾರೆ, ಕಾನೂನು ಓದಿದವರು ವಕೀಲರಾಗುತ್ತಾರೆ, ಏನೂ ಓದದವರು ಚಿನ್ನದ ಗಣಿಯೊಳಕ್ಕೆ ಇಳಿಯುತ್ತಾರೆ. ಇಷ್ಟು ಉರಿಗಾಂ ಪಕ್ಕದ ಹುಣಸೆಮರದ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಎಲ್ಲರಿಗೂ ಗೊತ್ತಿತ್ತು. ಆದರೆ ಸಮಾಜಶಾಸ್ತ್ರ ಓದಿದವರು ಏನಾಗುತ್ತಾರೆ ಅನ್ನುವುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಅದನ್ನೇ ಓದುತ್ತಿದ್ದ ಕದಿರಮ್ಮನಿಗೂ ಮೊದಲ ವರ್ಷ ಗೊತ್ತಿರಲಿಲ್ಲ, ಸುಳ್ಳೇಕೆ ಹೇಳಬೇಕು.

ಅದು ಅರವತ್ತಾರನೇ ಇಸವಿ. ಕದಿರಮ್ಮನಿಗೆ ಇಪ್ಪತ್ತು ತುಂಬಿತ್ತು. ದಿನಾ ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗುತ್ತಿದ್ದಳು. ಅಲ್ಲಿಯ ಜನ ಮೂರು ವರ್ಷದ ಕೆಳಗೆ ಊರೊಟ್ಟಿನಿಂದ ಒಂದು ಕಾಲೇಜು ಶುರುಮಾಡಿದ್ದರು. ಕಾಲೇಜು ಅಂದರೆ ಹಳೇ ಅಕ್ಕಿ ಮಂಡಿ. ಗೋಡೆಗೆ ಸುಣ್ಣ ಬಳಿದಿದ್ದರೂ ಸಂದಿಗೊಂದಿಯ ತೌಡು ಹೋಗಿರಲಿಲ್ಲ, ಫ್ಯಾನು ಹಾಕಿದರೆ ಇಡೀ ತರಗತಿ ಸೀನುತ್ತಿತ್ತು. ಅಂಥ ಕಡೆ ಕೂತು ಅವಳು ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರನ್ನೂ ಓದುತ್ತಿದ್ದಳು. ಚೆನ್ನಾಗಿಯೇ ಓದುತ್ತಿದ್ದಳು.

ಲೈನಿನ ತುದಿಮನೆಯಲ್ಲಿ ಅಮ್ಮಾಜಮ್ಮ ಇದ್ದಳು. ಬಾಯಿ ಅಂದರೆ ಬಾಯಿ. ಗಣಿಯ ಸಂಗು, ಅಂದರೆ ಸೈರನ್ನು, ಕೂಗದ ದಿನ ಅವಳ ದನಿ ಕೇಳಿಯೇ ಶಿಫ್ಟಿಗೆ ಹೊರಡಬಹುದು ಎಂದು ಗಂಡಸರು ಆಡಿಕೊಳ್ಳುತ್ತಿದ್ದರು. ಅವಳು ಒಂದು ದಿನ ಕದಿರಮ್ಮನನ್ನು ದಾರಿಯಲ್ಲೇ ನಿಲ್ಲಿಸಿಕೊಂಡಳು.

"ಲೇ ಕದಿರಿ, ಅದೇನೇ ನೀನು ಓದೋದು?"

"ಜನ ಎಂಗೆ ಬದುಕ್ತಾರೆ, ಏನ್ ತಿಂತಾರೆ, ಒಂದು ಮನೇಲಿ ಎಷ್ಟು ಜನ ಇರ್ತಾರೆ, ಯಾಕೆ ಜಗಳ ಆಡ್ತಾರೆ, ಅದೆಲ್ಲ ಕಣಕ್ಕ."

"ಅಯ್ಯೋ ದೇವುಡಾ! ಅದ್ಕೆ ರೈಲು ಅತ್ಕೊಂಡು ಬಂಗಾರಪೇಟೆಗೆ ಯಾಕೆ ಓಗ್ಬೇಕೇ? ನನ್ ಪಕ್ಕ ನಲ್ಲಿ ತಾವ ನಿಂತ್ಕೊ, ಮೂರೇ ದಿನದಾಗೆ ಬಿ.ಎ. ಮಾಡಿಸ್ಬಿಡ್ತೀನಿ."

ಕದಿರಮ್ಮ ನಕ್ಕು ಮನೆಯ ಕಡೆ ನಡೆದಳು. ಅವಳ ಮನೆಯಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಸಮಾಜಶಾಸ್ತ್ರದ ಮೇಷ್ಟ್ರು ಅಶ್ವತ್ಥಪ್ಪನವರು ಬೂದಿಕೋಟೆಯವರು, ಬೆಳಿಗ್ಗೆ ಎಮ್ಮೆ ಕರೆದು ಹಾಲು ಹಾಕಿ ಬಸ್ಸಿಗೆ ಬರುವವರು. ಅವರು ಒಂದು ದಿನ ಪಾಠ ನಿಲ್ಲಿಸಿ, ಈ ಓದಿಗೆ ಸಿಗುವ ಕೆಲಸಗಳನ್ನೆಲ್ಲ ಬೋರ್ಡಿನ ಮೇಲೆ ಬರೆದಿದ್ದರು. ಗಣಿಗೆ ವೆಲ್‌ಫೇರ್ ಆಫೀಸರು ಬೇಕು, ಬ್ಲಾಕ್ ಆಫೀಸಿಗೆ ಸಮಾಜ ಶಿಕ್ಷಣ ಸಂಘಟಕಿ ಬೇಕು, ಹಳ್ಳಿಗೆ ಗ್ರಾಮಸೇವಿಕೆ ಬೇಕು, ಹೈಸ್ಕೂಲಿಗೆ ಮೇಡಂ ಬೇಕು, ಸರ್ಕಾರದ ಸಮೀಕ್ಷೆ ಇಲಾಖೆಗೆ ಮನೆಮನೆ ಸುತ್ತಿ ಲೆಕ್ಕ ತರುವವರು ಬೇಕು. ಕದಿರಮ್ಮ ಅದನ್ನೆಲ್ಲ ನೋಟ್ ಬುಕ್ಕಿನಲ್ಲಿ ಇಳಿಸಿಕೊಂಡು ಬಂದು ಅವ್ವನಿಗೆ ಓದಿ ಹೇಳಿದಳು. ಅವ್ವ ಪೆದ್ದಮ್ಮ ರಾಗಿ ಮುದ್ದೆ ಕಟ್ಟುತ್ತಾ ಕೊನೆತನಕ ಕೇಳಿದಳು.

"ಇಷ್ಟ್ರಾಗೆ ಖಾಯಂ ಯಾವ್ದು?" ಅಂದಳು.

ಕೇಳಬೇಕಾದ್ದನ್ನೇ ಕೇಳಿದ್ದಳು. ಅಪ್ಪ ಚಿಕ್ಕಮುನಿಯಪ್ಪ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದವನು. ಮೂವತ್ತು ವರ್ಷದ ಅವನ ಸರ್ವೀಸು ಮುಂದಿನ ಮೇ ತಿಂಗಳಿಗೆ ಮುಗಿಯುತ್ತಿತ್ತು. ಸರ್ವೀಸು ಮುಗಿದರೆ ಲೈನಿನ ಮನೆ ಬಿಡಬೇಕು. ತಮ್ಮ ಇನ್ನೂ ಎಂಟನೇ ಕ್ಲಾಸು. ಮೇ ತಿಂಗಳೊಳಗೆ ಕದಿರಮ್ಮ ಒಂದು ಕೆಲಸ ಹಿಡಿಯದಿದ್ದರೆ ಪಾತ್ರೆಪಡಗ ಎತ್ತಿಕೊಂಡು ಎಲ್ಲಿಗೆ ಹೋಗಬೇಕು ಅನ್ನುವುದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ.

ಹೀಗಿರುವಾಗ ಜನವರಿಯಲ್ಲಿ ಕಾಲೇಜಿಗೆ ಬೆಂಗಳೂರಿನ ಸಮೀಕ್ಷೆ ಇಲಾಖೆಯಿಂದ ಒಂದು ಕಾಗದ ಬಂತು. ಕಾರ್ಮಿಕರ ಲೈನುಗಳಲ್ಲಿ ಒಂದೊಂದು ಮನೆಯಲ್ಲಿ ಎಷ್ಟು ಜನ ಇದ್ದಾರೆ, ಹೇಗಿದ್ದಾರೆ ಎಂದು ಲೆಕ್ಕ ತೆಗೆಯಬೇಕು, ಕಾಲೇಜಿನ ಮೂವರನ್ನು ಕಳಿಸಿ, ಮೂವರಲ್ಲಿ ಕೆಲಸ ಸರಿಯಾಗಿ ಮಾಡಿದ ಒಬ್ಬರನ್ನು ಇಲಾಖೆಗೇ ತೆಗೆದುಕೊಳ್ಳುತ್ತೇವೆ ಎಂದಿತ್ತು. ಖಾಯಂ ಎಂದೂ ಬರೆದಿತ್ತು. ಕದಿರಮ್ಮ ಆ ಕಾಗದವನ್ನು ಮೂರು ಸಲ ಓದಿದಳು. ಈ ಕೆಲಸ ತನ್ನದೇ ಎಂದು ಅವಳಿಗೆ ಅಲ್ಲೇ ಗ್ಯಾರಂಟಿಯಾಯಿತು. ಅವಳ ಪಾಲಿಗೆ ಬಂದದ್ದು ಅವಳದೇ ಲೈನು, ನಲವತ್ತೆಂಟು ಮನೆ. ಹುಟ್ಟಿ ಬೆಳೆದ ಜಾಗ, ಕಣ್ಣುಮುಚ್ಚಿಕೊಂಡು ಮಾಡಿ ಮುಗಿಸುತ್ತೇನೆ ಅಂದುಕೊಂಡಳು. ಎಡವಟ್ಟಾದದ್ದು ಅಲ್ಲೇ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವ್ವನ ನೀಲಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಪರೀಕ್ಷೆಗೆಂದು ಕೊಂಡಿದ್ದ ರಟ್ಟಿಗೆ ಫಾರಮ್ಮುಗಳನ್ನು ಸಿಕ್ಕಿಸಿಕೊಂಡು ತುದಿಮನೆಯ ಬಾಗಿಲಲ್ಲಿ ನಿಂತಳು. ಅಮ್ಮಾಜಮ್ಮ ಅಕ್ಕಿ ಆರಿಸುತ್ತಿದ್ದಳು. ಕದಿರಮ್ಮ ಫಾರಮ್ಮಿನಲ್ಲಿದ್ದ ಹಾಗೆಯೇ ಓದಿದಳು.

"ತಮ್ಮ ಕುಟುಂಬದಲ್ಲಿ ವಾಸಿಸುವ ಒಟ್ಟು ಸದಸ್ಯರ ಸಂಖ್ಯೆ ಎಷ್ಟು?"

ಅಮ್ಮಾಜಮ್ಮ ಮೊರ ಕೆಳಗಿಟ್ಟಳು. ಒಳಗೆ ದಬದಬ ಸದ್ದಾಯಿತು. ಹಿಂಬಾಗಿಲಿನಿಂದ ಯಾರೋ ನಾಲ್ಕೈದು ಜನ ಹುಣಸೆಮರದ ಕಡೆ ಹೋದದ್ದು ಕದಿರಮ್ಮನಿಗೆ ನಿಂತಲ್ಲಿಂದಲೇ ಕಾಣಿಸಿತು.

"ನಾಲ್ಕು," ಅಂದಳು ಅಮ್ಮಾಜಮ್ಮ, ರೆಪ್ಪೆ ಬಡಿಯದೆ.

ಇದರ ಹಿಂದಿನ ಕಥೆ ಇಷ್ಟೇ. ಲೈನಿನ ಮನೆ ಅಂದರೆ ಒಂದು ಕೋಣೆ, ಮುಂದೊಂದು ತಟ್ಟಿ ಕಟ್ಟಿದ ಜಗಲಿ. ಒಂದು ಮನೆಗೆ ನಾಲ್ಕು ಜನ ಎಂದು ಮನೆ ಚೀಟಿಯ ಮೇಲೆಯೇ ಅಚ್ಚು ಹಾಕಿತ್ತು. ಹೆಚ್ಚು ಜನ ಸಿಕ್ಕಿಬಿದ್ದರೆ ಖಾಲಿ ಮಾಡಿ ಎಂದು ನೋಟೀಸು. ಆದರೆ ಊರಲ್ಲಿ ಕೂಲಿ ಸಿಗದ ತಂಗಿ ಬಂದರೆ, ಗಂಡನ ತಮ್ಮ ಬಂದರೆ, ಹೊರಗೆ ಮಲಗಿ ಅನ್ನುವುದಕ್ಕಾಗುತ್ತದೆಯೇ? ಆದ್ದರಿಂದ ಕೈಯಲ್ಲಿ ಕಾಗದ ಹಿಡಿದವನು ಯಾವನೇ ಬರಲಿ, ನಾಲ್ಕು ಜನರನ್ನು ಬಿಟ್ಟು ಮಿಕ್ಕವರು ಹಿಂಬಾಗಿಲಿನಿಂದ ಹೊರಡುವುದು, ಬಾಗಿಲಲ್ಲಿ ನಿಂತವರು ನಾಲ್ಕು ಅನ್ನುವುದು ಲೈನಿನ ಪದ್ಧತಿ. ಮಾತು ಬರುವ ಮಕ್ಕಳಿಗೆ ಅಮ್ಮ, ಅಪ್ಪ ಅನ್ನುವುದನ್ನು ಕಲಿಸಿದ ಮೇಲೆ ಕಲಿಸುವುದೇ ಇದನ್ನು. ಕದಿರಮ್ಮನೂ ಕಲಿತಿದ್ದಳು.

ನಲವತ್ತೆಂಟು ಬಾಗಿಲಲ್ಲೂ ನಾಲ್ಕೇ ಆಯಿತು. ಕಡೆಗೆ ತನ್ನ ಮನೆಗೇ ಬಂದಳು. ಅವ್ವನ ತಮ್ಮ ಬಂದು ಎಂಟು ತಿಂಗಳಾಗಿತ್ತು, ತಟ್ಟಿಯ ಹಿಂದೆ ಗೊರಕೆ ಹೊಡೆಯುತ್ತಾ ಮಲಗಿದ್ದ.

"ನಾಲ್ಕು," ಅಂದಳು ಪೆದ್ದಮ್ಮ.

"ಅವ್ವಾ, ನಾನೇ ಕಣವ್ವಾ!"

"ನೀನಾದ್ರೆ ಏನಾಯ್ತು? ಕೈಯಾಗೆ ಕಾಗ್ದ ಐತಲ್ಲ."

ಮಾರನೆಯ ದಿನ ಅಶ್ವತ್ಥಪ್ಪನವರು ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಷ್ಟೂ ಫಾರಮ್ಮನ್ನು ಮಗುಚಿ ನೋಡಿದರು. ನೋಡುತ್ತಾ ನೋಡುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಮ್ಮಾ ಕದಿರಮ್ಮ, ಮಕ್ಕಳೇ ಆಗದ ಮನೇಲೂ ನಾಲ್ಕು, ಮೂವರು ಸೊಸೆಯರಿರೋ ಮನೇಲೂ ನಾಲ್ಕು. ಒಟ್ಟು ನೂರ ತೊಂಬತ್ತೆರಡು. ಇಷ್ಟು ಅಚ್ಚುಕಟ್ಟಾದ ಊರು ಭೂಮಿ ಮೇಲೆ ಇನ್ನೊಂದಿಲ್ಲ ಬಿಡು."

"ಅವರು ಹೇಳಿದ್ದನ್ನೇ ಬರೆದಿದ್ದೀನಿ ಸಾರ್."

"ಹೇಳಿದ್ದನ್ನ ಬರೆಯೋಕೆ ಕಾಲೇಜು ಬೇಕಾ? ಅಂಚೆ ಆಫೀಸಿನ ಮುಂದೆ ಅರ್ಜಿ ಬರೆಯೋನು ಸಾಲದಾ? ಜನ ಎಲ್ಲೋ ಒಂದು ಕಡೆ ನಿಜ ಆಡೇ ಆಡ್ತಾರಮ್ಮ. ಆ ಜಾಗ ಯಾವುದು ಅಂತ ಹುಡುಕೋದೇ ನಿನ್ನ ಓದು. ಶನಿವಾರ ಬೆಂಗಳೂರಿಂದ ಮೇಡಂ ಬರ್ತಾರೆ. ಈ ಕಂತೆ ಕೊಟ್ಟರೆ ನಿನಗೆ ಕೆಲಸಾನೂ ಇಲ್ಲ, ನನಗೆ ಮರ್ಯಾದೆನೂ ಇಲ್ಲ."

ಕದಿರಮ್ಮ ಫಾರಮ್ಮುಗಳನ್ನು ಬಾಚಿಕೊಂಡು ರೈಲು ಹತ್ತಿದಳು. ಅತ್ತಳೇ? ಇಲ್ಲ, ಅವಳು ಅಳುವ ಪೈಕಿ ಅಲ್ಲ. ಆ ನಲವತ್ತೆಂಟು ಹಾಳೆಯನ್ನೂ ಎರಡು ಭಾಗ ಮಾಡಿ ಹರಿದು ರೈಲಿನ ಕಿಟಕಿಯಿಂದ ಎಸೆದಳು.

ನಿಜ ಆಡುವ ಜಾಗ ಅವಳ ಕಣ್ಣಿಗೆ ಬಿದ್ದದ್ದು ಮರುದಿನ ಬೆಳಿಗ್ಗೆ ಐದು ಗಂಟೆಗೆ. ಲೈನಿಗೆಲ್ಲ ಇದ್ದದ್ದು ಒಂದೇ ನಲ್ಲಿ, ನೀರು ಬರುತ್ತಿದ್ದದ್ದು ಐದರಿಂದ ಏಳು. ಮೊದಲು ದಿನಾ ಕೊಡಪಾನಗಳು ನಜ್ಜುಗುಜ್ಜಾಗಿ ತಲೆಗಳೂ ಒಡೆಯುತ್ತಿದ್ದವಂತೆ. ಆಮೇಲೆ ಹೆಂಗಸರೇ ಕೂತು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ತಲೆಗೊಂದು ಕೊಡ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಕೊಡ, ಕೈಕೂಸಿಗೂ ಒಂದು, ಹಾಸಿಗೆ ಹಿಡಿದ ಮುದುಕಿಗೂ ಒಂದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಅವತ್ತು ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅಮ್ಮಾಜಮ್ಮನ ಕೊಡಗಳ ಸಾಲು ನೋಡಿ, "ಒಂದು ಜಾಸ್ತಿ ಇಟ್ಟಂಗೈತೆ" ಅಂದಳು. ಅಷ್ಟೇ ಸಾಕಾಯಿತು. ಅಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಎಣಿಸ್ಕೊಳೇ ಎಣಿಸ್ಕೊ! ನಾನು, ನನ್ ಗಂಡ, ಮೂರು ಮಕ್ಳು, ನಮ್ಮತ್ತೆ, ನನ್ ತಂಗಿ, ತಂಗಿ ಗಂಡ, ಅವಳ್ವು ಎಲ್ಡು ಮಕ್ಳು, ನನ್ ಮೈದುನ. ಎಷ್ಟಾಯ್ತು? ಅನ್ನೊಂದಾಯ್ತಾ? ಕೊಡ ಎಷ್ಟವೆ? ಅನ್ನೊಂದವಾ? ಬಂದ್ಬಿಟ್ಳು ನನ್ನ ಕೇಳೋಕೆ!"

ಕದಿರಮ್ಮ ಬೆಪ್ಪಾಗಿ ನಿಂತಳು. ಮೊನ್ನೆ ಬಾಗಿಲಲ್ಲಿ ನಾಲ್ಕು ಅಂದ ಬಾಯಿ ಇದೇ. ಇಲ್ಲಿ ಯಾರೂ ಸುಳ್ಳು ಹೇಳುವ ಹಾಗಿರಲಿಲ್ಲ. ಹೆಚ್ಚು ಹೇಳಿದರೆ ಪಕ್ಕದವಳು ಜುಟ್ಟು ಹಿಡಿಯುತ್ತಾಳೆ, ಕಮ್ಮಿ ಹೇಳಿದರೆ ಮನೆಯಲ್ಲಿ ಒಬ್ಬರಿಗೆ ನೀರಿಲ್ಲ. ಅವಳು ತನ್ನ ಕಾಲ ಬಳಿ ನೋಡಿಕೊಂಡಳು. ಗೊರಕೆ ಹೊಡೆಯುವ ಮಾವನದೂ ಸೇರಿ ಐದು ಕೊಡ ಅವಳೇ ತಂದಿಟ್ಟಿದ್ದಳು. ಎಂಟು ತಿಂಗಳಿಂದ ದಿನಾ ಇಡುತ್ತಿದ್ದಳು, ಆದರೂ ರಟ್ಟು ಹಿಡಿದ ತಕ್ಷಣ ಮರೆತೇಬಿಟ್ಟಿದ್ದಳು. ತನ್ನ ದಡ್ಡತನಕ್ಕೆ ತಾನೇ ನಕ್ಕಳು, ಆಮೇಲೆ ಎಣಿಸುವುದಕ್ಕೆ ಶುರುಮಾಡಿದಳು.

ಬುಧವಾರ, ಗುರುವಾರ, ಶುಕ್ರವಾರ. ಮೂರು ಬೆಳಿಗ್ಗೆಯೂ ಎಣಿಸಿದಳು. ಮೂರು ದಿನವೂ ಮುನ್ನೂರ ನಲವತ್ತೇಳು ಕೊಡ. ಯಾವ ಮನೆಯದು ಎಷ್ಟು, ಯಾರು ಯಾರು ಅನ್ನುವುದನ್ನೆಲ್ಲ ಮೇಷ್ಟ್ರಿಂದ ತಂದ ಹೊಸ ಫಾರಮ್ಮುಗಳಲ್ಲಿ ಬರೆದಳು. ಕೆಲಸ ಕೈಗೆ ಬಂದ ಹಾಗೆಯೇ ಆಗಿತ್ತು. ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡು ಶನಿವಾರದ ತನಕ ಇರುತ್ತಿದ್ದರು. ಆದರೆ ಕದಿರಮ್ಮನಿಗೆ ಜನರಿಗೆ ಗೊತ್ತಿಲ್ಲದ ಹಾಗೆ ಅವರ ಲೆಕ್ಕ ತೆಗೆಯುವುದು ಕಳ್ಳತನ ಅನ್ನಿಸಿತು. ಶುಕ್ರವಾರ ನಲ್ಲಿ ನಿಲ್ಲುವ ಹೊತ್ತಿಗೆ ಎಲ್ಲರ ಎದುರಿಗೆ ನಿಂತು ಹೇಳಿಯೇಬಿಟ್ಟಳು.

"ಮೂರು ದಿನದಿಂದ ನಿಮ್ಮ ಕೊಡ ಎಣಿಸ್ತಿದ್ದೀನಿ. ಬರ್ಕೊಂಡೂ ಇದ್ದೀನಿ."

ಆಹಾ, ಎದ್ದರು ನೋಡಿ! ನಲವತ್ತು ಬಾಯಿ ಒಟ್ಟಿಗೆ ತೆರೆಯಿತು. ಕನ್ನಡದಲ್ಲಿ ಬೈದವರೆಷ್ಟು, ತೆಲುಗಿನಲ್ಲಿ ಬೈದವರೆಷ್ಟು, ತಮಿಳಿನಲ್ಲಿ ಬೈದವರೆಷ್ಟು. ಅಮ್ಮಾಜಮ್ಮ ಕದಿರಮ್ಮನ ಐದು ಕೊಡಗಳನ್ನೂ ಕಾಲಿನಿಂದ ಸಾಲಿನ ಹೊರಗೆ ತಳ್ಳಿದಳು.

"ನಮ್ಮ ಲೈನಾಗೆ ಉಟ್ಟಿ ನಮ್ಮನ್ನೇ ಇಡ್ದು ಕೊಡ್ತೀಯೇನೇ? ನನ್ ತಂಗಿ ಎಲ್ಲಿಗೆ ಓಗ್ಬೇಕು? ಇಂಥ ಹೊತ್ನಾಗೆ ಅವಳನ್ನ ಈಚೆಗೆ ಆಕಿಸ್ತೀಯಾ?"

ಕದಿರಮ್ಮ ಹೆದರಲಿಲ್ಲ. ಉರುಳಿದ ಕೊಡವನ್ನು ಎತ್ತಿ ನಿಲ್ಲಿಸಿ ಅದರ ಪಕ್ಕದಲ್ಲೇ ನಿಂತಳು.

"ಬೈಕೊಳ್ಳಿ, ಬೈದು ಸುಸ್ತಾದ ಮೇಲೆ ಒಂದು ಮಾತು ಕೇಳಿ. ಒಂಬತ್ತು ವರ್ಷದಿಂದ ಇನ್ನೊಂದು ನಲ್ಲಿ ಕೊಡಿ ಅಂತ ಅರ್ಜಿ ಆಕ್ತಿದ್ದೀರಿ. ಏನು ಜವಾಬು ಬತ್ತೈತೆ? ಇರೋದು ನೂರ ತೊಂಬತ್ತೆರಡು ಜನ, ಒಂದು ನಲ್ಲಿ ಧಾರಾಳ ಅಂತ. ಆ ನೂರ ತೊಂಬತ್ತೆರಡು ಅವರಿಗೆ ಕೊಟ್ಟೋರ್ಯಾರು? ಆಫೀಸ್ನೋರು ಕನಸು ಕಂಡ್ರಾ? ನಾವು ಕೊಟ್ಟಿದ್ದು! ಬಾಗಿಲಾಗೆ ನಿಂತು ನಾಲ್ಕು ನಾಲ್ಕು ಅಂತ ನಾವೇ ಕೊಟ್ಟಿದ್ದು. ನಮ್ಮ ನೀರಿಗೆ ನಾವೇ ಅಡ್ಡ ನಿಂತಿದ್ದೀವಿ."

ಯಾರೂ ಮಾತಾಡಲಿಲ್ಲ. ಒಪ್ಪಿದರು ಅಂತಲ್ಲ, ಅವಳ ಜೊತೆ ಮಾತೇ ಬೇಡ ಅಂತ. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೋದರು. ಅವತ್ತು ಪೆದ್ದಮ್ಮ ಉಪ್ಪು ಕೇಳುವುದಕ್ಕೆ ಹೋದ ಮನೆಯಲ್ಲೂ ಬಾಗಿಲು ಹಾಕಿಕೊಂಡರು.

ಲೈನಿನಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಆಫೀಸು ಮುಟ್ಟದೇ ಇರುತ್ತದೆಯೇ? ಐದು ಗಂಟೆಗೆ ಲೈನ್ ಇನ್ಸ್‌ಪೆಕ್ಟರು ಕುಪ್ಪುಸ್ವಾಮಿ ಸೈಕಲ್ಲು ಒರಗಿಸಿ ಚಿಕ್ಕಮುನಿಯಪ್ಪನ ಜಗಲಿಯ ಮೇಲೆ ಬಂದು ಕೂತ. ಕೆಟ್ಟವನಲ್ಲ. ನಿಯಮದ ಪುಸ್ತಕದಲ್ಲಿ ಇರುವುದನ್ನು ಮಾಡಿ ಸಂಬಳ ತೆಗೆದುಕೊಳ್ಳುವವನು. ಕೊಟ್ಟ ಕಾಫಿ ಕುಡಿದು ಹೊಗಳಿದ. ಆಮೇಲೆ ವಿಷಯಕ್ಕೆ ಬಂದ.

"ಏನಪ್ಪಾ ಚಿಕ್ಕಮುನಿಯಪ್ಪ, ಮಗಳು ದೊಡ್ಡ ಲೆಕ್ಕ ತೆಗೆದಿದಾಳಂತೆ. ಕದಿರಮ್ಮಾ, ಆ ಹಾಳೆಗಳನ್ನ ಒಂದು ಸಲ ನನಗೆ ಕೊಡಮ್ಮಾ. ಮನೆ ನಂಬರು ಗುರ್ತು ಹಾಕ್ಕೊಂಡು ವಾಪಸ್ ಕೊಡ್ತೀನಿ. ಮೇ ಆದ್ಮೇಲೂ ಒಂದು ವರ್ಷ ನೀವು ಈ ಮನೇಲೇ ಇರೋ ಹಾಗೆ ನಾನು ಬರ್ಕೊಡ್ತೀನಿ. ಬೆಂಗಳೂರು ಮೇಡಂ ಹತ್ರನೂ ಒಂದು ಮಾತು ಹೇಳ್ತೀನಿ, ಕೆಲಸ ನಿನ್ನದೇ."

ಮನೆ, ಕೆಲಸ, ಎರಡೂ ಒಂದೇ ಮಾತಿನಲ್ಲಿ. ಕದಿರಮ್ಮನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಅವಳು ಅಪ್ಪನ ಮುಖ ನೋಡಿದಳು. ಬೆಳಿಗ್ಗೆ ಬೈದವರ ಮುಖಗಳೂ ನೆನಪಾದವು. ಬೈದರು ಅಂತ ಅವರ ಹಾಸಿಗೆ ಬೀದಿಗೆ ಹಾಕಿಸುವುದೇ? ಛೇ ಅನ್ನಿಸಿತು.

"ಲೆಕ್ಕ ಇಲಾಖೆಗೆ ತೆಗೆದಿದ್ದು ಸಾರ್. ಎಷ್ಟು ಜನ ಅಂತ ಹೇಳ್ತೀನಿ, ಯಾವ ಮನೆ ಅಂತ ಹೇಳಲ್ಲ."

"ಮನೆ ನಂಬರಿಲ್ಲದ ಹಾಳೆ ಕಸಕ್ಕೆ ಸಮ. ನಾಳೆ ಮೇಡಂ ಮುಂದೆ ನೀನೇ ಪೇಚಿಗೆ ಸಿಕ್ಕೊಳ್ತೀಯ," ಅಂದು ಕುಪ್ಪುಸ್ವಾಮಿ ಎದ್ದು ಹೋದ.

ಅವನ ಸೈಕಲ್ಲು ತಿರುವು ದಾಟಿದ ಮೇಲೆ ಕದಿರಮ್ಮ ಕತ್ತರಿ ತೆಗೆದಳು. ಪ್ರತಿ ಹಾಳೆಯ ತಲೆಯ ಮೇಲೆ ಮನೆ ನಂಬರೂ ಯಜಮಾನನ ಹೆಸರೂ ಇದ್ದವು; ಕೆಳಗಿನ ಹೆಸರುಗಳು ಮನೆಮನೆಯಲ್ಲೂ ಇರುವಂಥವೇ, ಅವುಗಳಿಂದ ಮನೆಯ ಗುರ್ತು ಸಿಗುವ ಹಾಗಿರಲಿಲ್ಲ. ನಲವತ್ತೆಂಟು ಹಾಳೆಯ ತಲೆಯನ್ನೂ ಕತ್ತರಿಸಿ ನೀರೊಲೆಗೆ ಹಾಕಿದಳು. ಒಲೆ ಹೊಗೆಯಾಡುತ್ತಿತ್ತು, ಬೇಗ ಹೊತ್ತಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತಿದ್ದ ಚಿಕ್ಕಮುನಿಯಪ್ಪ ಎದ್ದು ಬಂದ. ಮೂವತ್ತು ವರ್ಷ ಆಫೀಸಿನ ಮುಂದೆ ಕೈಕಟ್ಟಿ ನಿಂತವನು ಅವನು. ಮಗಳ ಕೈಯಿಂದ ಊದುಕೊಳವೆ ತೆಗೆದುಕೊಂಡು ಕುಕ್ಕರುಗಾಲಿನಲ್ಲಿ ಕೂತು ತಾನೇ ಊದಿದ. ಕೆಮ್ಮು ಬಂದರೂ ಬಿಡಲಿಲ್ಲ, ಕಡೆಯ ಚೂರು ಬೂದಿಯಾಗುವ ತನಕ ಊದಿದ.

ಶನಿವಾರ ಹತ್ತು ಗಂಟೆಗೆ ಅಶ್ವತ್ಥಪ್ಪನವರು ಬೆಂಗಳೂರಿನ ಮೇಡಮ್ಮನ್ನು ಕರೆದುಕೊಂಡು ಬಂದರು. ಗಂಗರತ್ನಮ್ಮ ಎಂದು ಅವರ ಹೆಸರು. ಖಾದಿ ಸೀರೆ, ಹೆಗಲಿಗೊಂದು ಚೀಲ, ಬಿಸಿಲಿಗೆ ಸುಟ್ಟ ಮುಖ, ವರ್ಷಗಟ್ಟಲೆ ಊರೂರು ಸುತ್ತಿದವರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕುಪ್ಪುಸ್ವಾಮಿಯೂ ನೋಟ್ ಬುಕ್ಕು, ಪೆನ್ಸಿಲ್ಲು ಹಿಡಿದು ಹಾಜರಾದ. ಗಂಗರತ್ನಮ್ಮ ಹಾಳೆಗಳನ್ನು ನೋಡಿದರು. ತಲೆಯಿಲ್ಲದ ಹಾಳೆಗಳು.

"ಮನೆ ನಂಬರು?"

"ಕತ್ತರಿಸಿ ಒಲೆಗೆ ಹಾಕಿದೆ ಮೇಡಂ."

ಅಶ್ವತ್ಥಪ್ಪನವರು ಆಕಾಶ ನೋಡಿದರು. ಗಂಗರತ್ನಮ್ಮ ಯಾಕೆ ಎಂದು ಕೇಳಲಿಲ್ಲ. ಕುಪ್ಪುಸ್ವಾಮಿಯ ಪೆನ್ಸಿಲ್ಲನ್ನು ಒಮ್ಮೆ ನೋಡಿದರು, ಅಷ್ಟೇ.

"ನಂಬರಿಲ್ಲದಿದ್ದರೆ ನಾನು ಐದು ಮನೆಗೆ ಹೋಗಿ ತಾಳೆ ನೋಡಬೇಕು. ಎರಡು ಮನೆ ತಪ್ಪಿದರೆ ಇಡೀ ಕಂತೆ ರದ್ದು, ನೀನೂ ರದ್ದು. ಇದು ನಿಯಮ, ನನ್ನ ಕೈಲಿಲ್ಲ. ನಾನು ನಿಂತ ಮನೆಯ ಹಾಳೆ ಯಾವುದು ಅಂತ ನಿನಗೆ ಗೊತ್ತಿದೆಯಾ?"

"ಎಲ್ಲಾ ಬಾಯಿಪಾಠ ಇದೆ ಮೇಡಂ."

"ಸರಿ. ಅದನ್ನ ನನ್ನ ಕೈಗೆ ಮಾತ್ರ ಕೊಡು."

"ಲೈನು ನನ್ನ ಸುಪರ್ದಿನಲ್ಲಿದೆ, ನಾನೂ ಜೊತೆಗೆ ಇರ್ಬೇಕಾಗುತ್ತೆ," ಅಂದ ಕುಪ್ಪುಸ್ವಾಮಿ. ಬೇಡ ಅನ್ನುವ ಹಾಗಿರಲಿಲ್ಲ.

ಮೇಡಂ ತುದಿಯಿಂದಲೇ ಶುರುಮಾಡಿದರು. ಅಮ್ಮಾಜಮ್ಮ ಬಾಗಿಲಲ್ಲಿ ನಿಂತಿದ್ದಳು. ಇಡೀ ಲೈನು ಜಗಲಿಗಳ ಮೇಲೆ ಬಂದು ನಿಂತಿತ್ತು. ಕದಿರಮ್ಮ ಹನ್ನೊಂದು ಎಂದು ಬರೆದಿದ್ದ ಹಾಳೆಯನ್ನು ತೆಗೆದು ಮೇಡಮ್ಮನ ಕೈಗೆ ಕೊಟ್ಟಳು. ಅಮ್ಮಾಜಮ್ಮ ನಾಲ್ಕು ಅಂದರೆ ಮಿಕ್ಕವರೂ ನಾಲ್ಕೇ ಅನ್ನುತ್ತಾರೆ, ತನ್ನ ಕೆಲಸ ಹೋಯಿತು, ಮೇ ತಿಂಗಳಿಗೆ ಬೀದಿ. ಹನ್ನೊಂದು ಅಂದರೆ ಕುಪ್ಪುಸ್ವಾಮಿಯ ಪೆನ್ಸಿಲ್ಲಿಗೆ ಅಮ್ಮಾಜಮ್ಮನ ಸಂಸಾರ ಸಿಕ್ಕಿತು. ಕದಿರಮ್ಮನಿಗೆ ತಡೆಯಲಾಗಲಿಲ್ಲ, ಮುಂದಕ್ಕೆ ಬಂದಳು.

"ಅಮ್ಮಾಜಕ್ಕ, ನನ್ ಮುಖ ನೋಡ್ಬೇಡ. ನಿನ್ ಮನೆ ಉಳಿಯೋ ಮಾತು ಯಾವ್ದೋ ಅದನ್ನ ಹೇಳು. ನಾನು ಏನೂ ಅಂದ್ಕೊಳಲ್ಲ."

"ನೀನು ಬಾಯಿ ಮುಚ್ಕೊಂಡು ನಿಂತ್ಕೊಳೇ," ಅಂದಳು ಅಮ್ಮಾಜಮ್ಮ. "ಆಯಮ್ಮ ಕೇಳ್ತಿರೋದು ನನ್ನ, ನಿನ್ನಲ್ಲ."

ಗಂಗರತ್ನಮ್ಮ ಕೇಳಿದರು, "ಮನೇಲಿ ಎಷ್ಟು ಜನ ಇದೀರಮ್ಮ?"

"ಅನ್ನೆರಡು," ಅಂದಳು ಅಮ್ಮಾಜಮ್ಮ.

ಗಂಗರತ್ನಮ್ಮ ಹಾಳೆ ನೋಡಿ, ಮತ್ತೆ ಅಮ್ಮಾಜಮ್ಮನನ್ನು ನೋಡಿ ಹುಬ್ಬೇರಿಸಿದರು. ಅವರ ಮುಖದಲ್ಲೇ ಕುಪ್ಪುಸ್ವಾಮಿಗೆ ವಿಷಯ ಹೊಳೆಯಿತು.

"ತಪ್ಪಿದೆಯಾ ಮೇಡಂ? ನಾನು ಅಂದಿರ್ಲಿಲ್ವಾ? ಎಲ್ಲಾ ಬಾಯಿಗೆ ಬಂದ ಕಾಗೆ ಲೆಕ್ಕ!"

"ನಾವೇನ್ ಕಾಗೇನಪ್ಪಾ? ಇರು, ತೋರಿಸ್ತೀನಿ," ಅಂದು ಅಮ್ಮಾಜಮ್ಮ ಒಳಕ್ಕೆ ತಿರುಗಿ ಕೂಗು ಹಾಕಿದಳು. ಒಬ್ಬೊಬ್ಬರಾಗಿ ಬಂದರು. ಅತ್ತೆ ಬಂದಳು, ಮೈದುನ ಬಂದ, ತಂಗಿಯ ಗಂಡ ಬಂದ, ಐದು ಮಕ್ಕಳು ಸಾಲಾಗಿ ಬಂದವು. ಒಬ್ಬರೂ ಹಿಂಬಾಗಿಲಿನ ಕಡೆ ಹೋಗಲಿಲ್ಲ. ಗಂಡ ಶಿಫ್ಟಿಗೆ ಹೋಗಿದ್ದಾನೆ, ಬರೆದುಕೊಳ್ಳಿ ಅಂದಳು. ಕಡೆಗೆ ತಲೆಗೆ ಬಟ್ಟೆ ಬಿಗಿದುಕೊಂಡ ತಂಗಿ ಗೋಡೆ ಹಿಡಿದು ಬಂದು ನಿಂತಳು. ಅವಳ ತೋಳಿನಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಕೆಂಪು ಕೂಸು.

"ನಿನ್ನೆ ಮಧ್ಯಾಹ್ನ ಉಟ್ತು. ಪುರುಡು ಕಳ್ಯೋಗಂಟ ಕೂಸಿಗೆ ಕೊಡ ಇಲ್ಲ, ಅದ್ಕೇ ಈ ಹುಡುಗಿ ಲೆಕ್ಕಕ್ಕೆ ಸಿಕ್ಕಿಲ್ಲ. ನಾವು ಮಾತು ಬಿಟ್ಟಿದ್ವಲ್ಲ, ಯಾರು ಹೋಗಿ ಹೇಳ್ತಾರೆ ಅವಳಿಗೆ? ಅನ್ನೆರಡು ಕಣಮ್ಮಾ. ನನ್ ಮನೇಲಿ ಅನ್ನೆರಡು ಜನ. ಯಾರ ತಾವ ಬೇಕಾದ್ರೂ ಹೇಳ್ತೀನಿ."

ಕುಪ್ಪುಸ್ವಾಮಿ ನಾಲಗೆಗೆ ಪೆನ್ಸಿಲ್ಲು ತಗುಲಿಸಿ ಅಮ್ಮಾಜಮ್ಮನ ಮನೆ ನಂಬರು ಬರೆದ. ಬರೆದು ಮುಗಿಸಿರಲಿಲ್ಲ, ಪಕ್ಕದ ಜಗಲಿಯಿಂದ ಕೂಗು ಬಂತು.

"ನಮ್ದು ಒಂಬತ್ತು! ಬರ್ಕೊಳಪ್ಪ ಕುಪ್ಪುಸ್ವಾಮಿ."

"ನಮ್ದು ಏಳು. ಇಬ್ರು ಶಿಫ್ಟಿಗೆ ಓಗವ್ರೆ."

"ನಮ್ದು ಅತ್ತು!"

ಮನೆಯಿಂದ ಮನೆಗೆ ಲೈನಿನುದ್ದಕ್ಕೂ ಹೋಯಿತು ಆ ಕೂಗು. ಗಂಗರತ್ನಮ್ಮ ಐದು ಮನೆಯಲ್ಲ, ಹದಿನೈದು ಮನೆಯ ಹಾಳೆ ತೆಗೆಸಿ ನೋಡಿದರು. ಅಮ್ಮಾಜಮ್ಮನದು ಬಿಟ್ಟರೆ ಒಂದೂ ತಪ್ಪಿರಲಿಲ್ಲ. ಪೆದ್ದಮ್ಮ ತನ್ನ ಬಾಗಿಲಲ್ಲಿ ನಿಂತು, ಎಲ್ಲರಿಗಿಂತ ಗಟ್ಟಿಯಾಗಿ, "ಐದು! ನನ್ ತಮ್ಮನೂ ಸೇರಿ ಐದು!" ಅಂದಳು. ಆಮೇಲೆ ತಿಳಿದದ್ದು ಏನೆಂದರೆ, ಹಿಂದಿನ ದಿನ ಸಂಜೆ ಬಾಣಂತಿ ಮನೆಯಲ್ಲಿ ಸೇರಿದ ಹೆಂಗಸರು, ಕದಿರಮ್ಮ ಕುಪ್ಪುಸ್ವಾಮಿಗೆ ಹಾಳೆ ಕೊಡದ ಸುದ್ದಿ ಕೇಳಿ, ಅಲ್ಲೇ ಮಾತಾಡಿ ತೀರ್ಮಾನ ಮಾಡಿದ್ದರಂತೆ. ಒಂದು ಮನೆ ನಿಜ ಹೇಳಿದರೆ ಒಂದು ಮನೆ ಖಾಲಿ ಮಾಡಿಸುತ್ತಾರೆ, ನಲವತ್ತೆಂಟೂ ಹೇಳಿದರೆ ಏನು ಮಾಡುತ್ತಾರೆ ನೋಡೋಣ ಎಂದು. ಕದಿರಮ್ಮನಿಗೆ ಮಾತ್ರ ಹೇಳಿರಲಿಲ್ಲ, ಅವಳ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಆರನೇ ಮನೆಗೆ ಕುಪ್ಪುಸ್ವಾಮಿಯ ಪೆನ್ಸಿಲ್ಲು ನಿಂತಿತು. ನಲವತ್ತೆಂಟು ಮನೆಗೂ ನೋಟೀಸು ಕೊಟ್ಟರೆ ಸೋಮವಾರದ ಶಿಫ್ಟಿಗೆ ಯಾರು ಇಳಿಯುತ್ತಾರೆ? ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಬರೆದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ, ಪೆನ್ಸಿಲ್ಲನ್ನು ಕಿವಿಗೆ ಸಿಗಿಸಿದ.

"ಇಷ್ಟು ಜನಕ್ಕೆ ಒಂದೇ ನಲ್ಲೀನಾ ಇನ್ಸ್‌ಪೆಕ್ಟರೇ?" ಎಂದು ಗಂಗರತ್ನಮ್ಮ ಕೇಳಿದರು.

"ಮೇಲಿನವರಿಗೆ ಬರೀತೀನಿ ಮೇಡಂ," ಅಂದ ಕುಪ್ಪುಸ್ವಾಮಿ. ಒಂಬತ್ತು ವರ್ಷದಲ್ಲಿ ಅವನು ಆ ಮಾತು ಅಂದದ್ದು ಅದೇ ಮೊದಲು.

ಗಂಗರತ್ನಮ್ಮ ಮತ್ತೆ ತುದಿಮನೆಗೆ ಬಂದು ಜಗಲಿಯ ಮೇಲೆ ಕೂತರು. ಹನ್ನೊಂದರ ಹಾಳೆಯನ್ನು ಮೊಳಕಾಲ ಮೇಲೆ ಹರಡಿದರು.

"ಇದೊಂದು ತಪ್ಪಾಗಿದೆ, ತಿದ್ದು," ಎಂದು ತಮ್ಮ ಪೆನ್ನು ಚಾಚಿದರು.

ಕದಿರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. "ಒಪ್ಪಿಸಿದ ಹಾಳೆ ನಾನು ಮುಟ್ಟೋ ಹಾಗಿಲ್ಲ ಮೇಡಂ. ಇಲಾಖೆಯ ನೌಕರರು ಮಾತ್ರ ತಿದ್ದಬೇಕು ಅಂತ ಫಾರಮ್ಮಿನ ಹಿಂದೆಯೇ ಬರೆದಿದೆ. ನೀವೇ ತಿದ್ದಿ."

"ನಿಯಮ ನನಗೂ ಗೊತ್ತಮ್ಮ," ಅಂದರು ಗಂಗರತ್ನಮ್ಮ, ಪೆನ್ನು ಹಿಂದಕ್ಕೆ ತೆಗೆದುಕೊಳ್ಳದೆ. "ಗೊತ್ತಿದ್ದೇ ನಿನ್ನ ಕೈಗೆ ಕೊಡ್ತಿದ್ದೀನಿ."

ಕದಿರಮ್ಮ ಫಾರಮ್ಮು ಮಗುಚಿ ಆ ಸಾಲನ್ನು ಇನ್ನೊಮ್ಮೆ ಓದಿದಳು: ಇಲಾಖೆಯ ನೌಕರರು ಮಾತ್ರ. ಅಶ್ವತ್ಥಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದರು, ಸುಮ್ಮನೆ ಒರೆಸುತ್ತಲೇ ಇದ್ದರು.

"ಏನೇ ನಿಂತ್ಬಿಟ್ಟೆ?" ಅಂದಳು ಅಮ್ಮಾಜಮ್ಮ. "ಬರಿಯೇ, ಬಿಸಿಲಾಗೆ ಬಾಣಂತಿ ನಿಂತವ್ಳೆ."

ಕದಿರಮ್ಮ ಪೆನ್ನು ತೆಗೆದುಕೊಂಡಳು. ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಮಾಡಿದಳು, ಲೈನಿನ ಒಟ್ಟು ಮುನ್ನೂರ ನಲವತ್ತೆಂಟು ಎಂದು ತಿದ್ದಿದಳು. ಹೆಸರಿನ ಜಾಗದಲ್ಲಿ "ಇನ್ನೂ ಇಟ್ಟಿಲ್ಲ", ವಯಸ್ಸಿನ ಜಾಗದಲ್ಲಿ "ಒಂದು ದಿನ" ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು.